ಪದವಿನ ಮೇಲೆ ಹೊಟ್ಟೆಯೂರಿ

ಏಪ್ರಿಲ್ ಬಿಸಿಲಿನಲ್ಲಿ ಮಣಿಪಾಲದ ಆಸುಪಾಸಿನ ಪದವುಗಳನ್ನು ಕಂಡವರಿಗೆ ಅಲ್ಲಿ ಹೂವಿದೆ ಎಂದರೆ ನಗು ಬಂದೀತು. ಕಾದ ಕಾವಲಿಯಂಥ ಮುರಕಲ್ಲು, ಅಲ್ಲಲ್ಲಿ ಒಣಹುಲ್ಲು, ಅಷ್ಟೇ. ಮಳೆ ಹಿಡಿದು ಎರಡು ತಿಂಗಳು ಕಳೆಯಲಿ, ಅದೇ ಕಲ್ಲಿನ ಕುಳಿಗಳಲ್ಲಿ ಗೇಣುದ್ದವೂ ಇಲ್ಲದ ಗಿಡಗಳ ಹೂದೋಟ! ನಿಂತು ನೋಡಿದರೆ ಬರೀ ನೀಲಿ ಛಾಯೆ. ಹೊಟ್ಟೆಯೂರಿ ಮಲಗಿ, ಮ್ಯಾಕ್ರೋ ಲೆನ್ಸಿನಲ್ಲಿ ಇಣುಕಿದವರಿಗಷ್ಟೇ ಅದರ ಒಳಗುಟ್ಟು. ಮಕ್ಕಳ ಅಂಗಿಗೆ ಕೆಮ್ಮಣ್ಣು ಮೆತ್ತುವುದು ಖಂಡಿತ, ತಾಯಂದಿರು ಕ್ಷಮಿಸಬೇಕು.

ಆ ನೀಲಿ ಹೂವು ಯುಟ್ರಿಕ್ಯುಲೇರಿಯಾ. ಇದೇ ಕುಲದ ಹೂವೊಂದು ಕೇರಳದಲ್ಲಿ 'ಕಾಕ್ಕಪೂವು' ಎನಿಸಿಕೊಂಡು ಓಣಂ ರಂಗೋಲಿಗೆ ಸೇರುತ್ತದೆ. ನೋಡಲು ಸಾಧು, ನೆಲದಡಿಯಲ್ಲಿ ಮಾತ್ರ ಬೇಟೆಗಾರ. ಒದ್ದೆ ಮಣ್ಣಿನಲ್ಲಿ ಹುದುಗಿದ ಅದರ ಪುಟಾಣಿ ಚೀಲಗಳು ಸೂಕ್ಷ್ಮಜೀವಿಗಳನ್ನು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಒಳಗೆಳೆದುಕೊಳ್ಳುತ್ತವೆ. ಪಕ್ಕದಲ್ಲೇ ಡ್ರೊಸೆರಾ. ಮಟಮಟ ಮಧ್ಯಾಹ್ನವೂ ಆರದ ಇಬ್ಬನಿ ಅದರ ಎಲೆಯ ಮೇಲೆ! ಅದು ಇಬ್ಬನಿಯಲ್ಲ, ಕೀಟ ಹಿಡಿಯುವ ಅಂಟು. ಇಲ್ಲಿನ ತೆಳುಮಣ್ಣಿನಲ್ಲಿ ಸಾರಜನಕ ಕಡಿಮೆ. ಆ ಕೊರತೆಯನ್ನು ಗಿಡ ಹೀಗೆ ತುಂಬಿಕೊಳ್ಳುತ್ತದೆ.

ಪದವಿನಂಚಿನ ಗೇರು ಮರದಲ್ಲಿ ಚಿಗಳಿ ಇರುವೆಗಳ ಸಾಲು. ಬದಿಯಲ್ಲಿ ಒಂಟಿಯಾಗಿ ಸುಳಿಯುವ 'ಇರುವೆ'ಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ, ಎಂಟು ಕಾಲು! ಮುಂಗಾಲುಗಳನ್ನೇ ಮೀಸೆಯಂತೆ ಎತ್ತಿ ನಡೆಯುವ ಜೇಡ ಅದು.

ಇಷ್ಟು ಸಮೀಪದಿಂದ ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಉಸಿರು ಬಿಟ್ಟರೂ ಚಿತ್ರ ಮಸುಕು. ಹಾಗಾಗಿ ಗಾಳಿ ಏಳುವ ಮುಂಚಿನ ಮುಂಜಾವೇ ಒಳ್ಳೆಯದು. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಮಸೂರವೂ ಸಾಕು.

ಆದರೆ ಒಂದು ಹೂವಿನ ಚಿತ್ರಕ್ಕಾಗಿ ಮೊಣಕೈಯಡಿ ಹತ್ತು ಗಿಡ ನಜ್ಜುಗುಜ್ಜಾದರೆ? ಅಡ್ಡ ಬಂದ ಹುಲ್ಲನ್ನು ಕೀಳುವವರೂ, ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಕೂರಿಸುವವರೂ ಉಂಟು. ಅದು ಛಾಯಾಗ್ರಹಣವಲ್ಲ, ಹಿಂಸೆ. ಬರಿಗಲ್ಲು ಕಂಡಲ್ಲಿ ಮಾತ್ರ ಮೊಣಕಾಲೂರುವುದು ಅನುಭವಿಗಳ ರೂಢಿ.

ಈ ಕಲ್ಲಿಗೆ 'ಲ್ಯಾಟರೈಟ್' ಎಂದು 1807ರಲ್ಲಿ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಇಟ್ಟಿಗೆಯಂತೆ ಕತ್ತರಿಸಲು ಬರುವುದರಿಂದಲೇ ಲ್ಯಾಟಿನ್ನಿನ ಆ ಹೆಸರು. ಕರಾವಳಿಯ ಮನೆಗೋಡೆಗಳಿಗೆ ಬೇಕಾದದ್ದೂ ಇದೇ ಕಲ್ಲು. ಯಂತ್ರ ಬಂದರೆ ಮೊದಲು ಹೋಗುವುದು ಬೀಜ ಮಲಗಿರುವ ಮೇಲ್ಪದರ. ಅದಕ್ಕೇ ಇಲ್ಲಿ ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳು ಪ್ರತಿ ಚಿತ್ರದ ಜತೆ ದಿನಾಂಕ, ಜಾಗ ಬರೆದಿಡುವುದು ಒಳಿತು. ಮುಂದಿನ ಆಗಸ್ಟಿನಲ್ಲಿ ಅದೇ ಕುಳಿ ಹುಡುಕಿ ಹೋದಾಗ ಅಲ್ಲಿ ಕಲ್ಲೇ ಇಲ್ಲದಿರಬಹುದು.