ಮಾರಾಬಾರ್ ಗವಿ ನಮ್ಮ ಪಕ್ಕದಲ್ಲೇ!

ಇಂಗ್ಲೆಂಡಿನಿಂದ ಬಂದ ಹುಡುಗಿಯೊಬ್ಬಳು ಕಂಡರಿಯದ ಗವಿಗಳನ್ನು ನೋಡಲು ರೈಲು ಹತ್ತುತ್ತಾಳೆ. ಅಲ್ಲಿನ ಪ್ರತಿಧ್ವನಿಗೆ ಬೆದರಿ ಓಡುತ್ತಾಳೆ. ಒಂದು ದಿನದ ಪ್ರವಾಸ ಕೋರ್ಟಿನ ಕಟಕಟೆವರೆಗೂ ಹೋಗುತ್ತೆ! ಡೇವಿಡ್ ಲೀನ್ ನಿರ್ದೇಶನದ ಕೊನೆಯ ಚಿತ್ರ, 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಕಥೆ ಇದು.

1924ರಲ್ಲಿ ಈ ಕಾದಂಬರಿ ಬರೆದ ಫಾರ್ಸ್ಟರ್ ಕಣ್ಣಮುಂದಿದ್ದದ್ದು ಬಿಹಾರದ ಬರಾಬರ್ ಗವಿಗಳು. ಲೀನ್ ಸಾಹೇಬರಿಗೆ ಅವು ಹಿಡಿಸಲಿಲ್ಲ. ಅವರು ಆರಿಸಿಕೊಂಡದ್ದು ಯಾವುದು ಗೊತ್ತೇ? ನಮ್ಮ ಸಾವನದುರ್ಗ, ನಮ್ಮ ರಾಮದೇವರ ಬೆಟ್ಟ! ಗವಿಯ ಬಾಯಿಗಳನ್ನು ಚಿತ್ರತಂಡವೇ ಕೊರೆಸಿತು. ಬೆಟ್ಟ ಹತ್ತುವ ರೈಲು ಮಾತ್ರ ಊಟಿಯದು.

ವಸಂತಪುರದ ಗೆಳೆಯರೇ, ಈ ಪ್ರವಾಸಕ್ಕೆ ವೀಸಾ ಬೇಡ. ಮೆಟ್ರೋ ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಮೈಸೂರು ಕಡೆಯ ರೈಲು. ಕೆಂಗೇರಿ, ಬಿಡದಿ ದಾಟಿದರೆ ರಾಮನಗರ. ಬೆಂಗಳೂರಿಂದ ಸುಮಾರು 50 ಕಿ.ಮೀ. 1975ರ 'ಶೋಲೆ' ಚಿತ್ರದ ರಾಮಗಢ ಎದ್ದದ್ದೂ ಈ ಬಂಡೆಗಳ ನಡುವೆಯೇ.

ಆದರೆ ಅಲ್ಲಿ ಹೋಗಿ ಗಬ್ಬರ್ ಥರ ಅಬ್ಬರಿಸಬೇಡಿ ಸ್ವಾಮಿ! ರಾಮದೇವರ ಬೆಟ್ಟ ಉದ್ದಕೊಕ್ಕಿನ ರಣಹದ್ದುಗಳ ತಾಣ. 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮ ಅಂತ ಘೋಷಿಸಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿ, ಸತ್ತ ದನದ ಮಾಂಸದ ಜೊತೆ ಹೊಟ್ಟೆ ಸೇರಿ ದೇಶದ ರಣಹದ್ದುಗಳನ್ನೇ ಗುಡಿಸಿಹಾಕಿತು. ಅದನ್ನು ನಿಷೇಧಿಸಿದ್ದು 2006ರಲ್ಲಿ. ಈ ಹಕ್ಕಿ ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ. ನಿಮ್ಮ ಕೂಗಿಗೆ ಬೆದರಿ ತಾಯಿ ಗೂಡು ಬಿಟ್ಟರೆ ಆ ಮೊಟ್ಟೆಯ ಗತಿ?

ಕೆಳಗಿನಿಂದಲೇ ದುರ್ಬೀನು ಹಿಡಿದು ನೋಡಿ, ಕತ್ತಲಾಗುವ ಮೊದಲು ಸ್ಟೇಷನ್ ಸೇರಿ.