ಚಳ್ಳಕೆರೆಯಿಂದ ಬ್ರಹ್ಮಗಿರಿಗೆ

ಚಿತ್ರದುರ್ಗವನ್ನು ಬಿಟ್ಟು ಮೂಡಲಿಗೆ ಹೊರಟರೆ ಬೇಗನೆ ಬಯಲುಸೀಮೆಯ ಬಯಲು ಎದುರಾಗುವುದು. ನಾವು ಹೋದುದು ಕಾರ್ತಿಕ ಮಾಸದಲ್ಲಿ. ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದರು. ಮಳೆ ಕಡಮೆಯಾದ ಈ ನಾಡಿನಲ್ಲಿ ಶೇಂಗಾ, ಕುರಿ, ಕಂಬಳಿ ಇವೇ ಬದುಕಿನ ಆಸರೆ. ಚಳ್ಳಕೆರೆಯು ಎಣ್ಣೆಗಿರಣಿಗಳಿಗೂ ಕಂಬಳಿಗೂ ಹೆಸರಾದುದು. ಮೊಳಕಾಲ್ಮೂರು ರೇಷ್ಮೆ ಸೀರೆಗೆ. ಪ್ರವಾಸಿಗಳು ಇವುಗಳನ್ನು ಕೊಂಡು ಹಿಂದಿರುಗುವುದು ವಾಡಿಕೆ. ನಮಗೆ ಬೇರೊಂದು ಕುತೂಹಲವಿದ್ದಿತು: ಮಕ್ಕಳನ್ನು ನೋಯಿಸದೆ ಸಾಕುವ ಬಗೆಯನ್ನು ಇಲ್ಲಿಯ ತಂದೆತಾಯಿಗಳಿಗೆ ಯಾರು, ಹೇಗೆ ಹೇಳಿಕೊಡುತ್ತಿರುವರು?

ಚಳ್ಳಕೆರೆಯ ಸುತ್ತಿನಲ್ಲಿ ಕಾಡುಗೊಲ್ಲರ ಹಟ್ಟಿಗಳು ಬಹಳ. ಜುಂಜಪ್ಪ, ಎತ್ತಪ್ಪ ಮೊದಲಾದ ದೈವಗಳಲ್ಲಿ ಇವರ ಭಕ್ತಿ ಗಾಢವಾದುದು. ಹಟ್ಟಿಯೊಳಗಿನ ಮಡಿಗೆ ಭಂಗ ಬರಬಾರದೆಂದು ಮುಟ್ಟಾದವರನ್ನೂ ಬಾಣಂತಿ ಹಸುಗೂಸುಗಳನ್ನೂ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿತು. ಎಷ್ಟೋ ಮನೆಗಳು ಇದನ್ನು ಬಿಟ್ಟಿವೆ, ಕೆಲವು ಇನ್ನೂ ಬಿಟ್ಟಿಲ್ಲ. 2023ರ ಜುಲೈ ತಿಂಗಳಲ್ಲಿ ತುಮಕೂರಿನ ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆಗಾಳಿಯ ನಡುವೆ ಇಂತಹ ಗುಡಿಸಲಿನಲ್ಲಿದ್ದ ಕೂಸೊಂದು ತೀರಿಕೊಂಡಿತು. ಹಸುಗೂಸಿನ ಮೈ ತನ್ನ ಶಾಖವನ್ನು ತಾನೇ ಉಳಿಸಿಕೊಳ್ಳಲಾರದು. ಥಂಡಿ ಗಾಳಿಯಲ್ಲಿ ಒಂದು ರಾತ್ರಿಯೂ ಅದಕ್ಕೆ ದೊಡ್ಡದು. ಆ ಕೂಸಿಗೆ ಕೇಡು ಬಯಸಿದವರು ಮನೆಯಲ್ಲಿ ಒಬ್ಬರೂ ಇರಲಾರರೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಈ ವಿಷಯದ ಕಷ್ಟವೆಲ್ಲ ಇರುವುದು ಇಲ್ಲಿಯೇ. ಕೆಡುಕನನ್ನು ಹಿಡಿದು ದಂಡಿಸಬಹುದು. ಭಯಭಕ್ತಿಯಿಂದ ನಡೆದ ಅಜ್ಜಿಯನ್ನು ಏನು ಮಾಡುವುದು?

ಕಾನೂನು ಇಲ್ಲದೆ ಇಲ್ಲ. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕ ಅಧಿನಿಯಮವು ಇಂತಹ ಬಲವಂತದ ಬೇರ್ಪಡಿಕೆಯನ್ನು ಅಪರಾಧವೆಂದಿದೆ. ಅದು 2020ರಲ್ಲಿ ಜಾರಿಗೆ ಬಂದಿತು. ಸರಕಾರವು ಕೆಲವು ಹಟ್ಟಿಗಳ ಬಳಿ ಕೃಷ್ಣಕುಟೀರಗಳೆಂಬ ಗಟ್ಟಿ ಕಟ್ಟಡಗಳನ್ನೂ ಕಟ್ಟಿಸಿತು. ಮಳೆಗೆ ನೆನೆಯುವುದಕ್ಕಿಂತ ಅದು ಮೇಲೇ ಸರಿ. ಆದರೆ ಹೊರಗಿಡುವುದಕ್ಕೆ ಸರಕಾರವೇ ಸೂರು ಹಾಕಿಕೊಟ್ಟಂತಾಯಿತೆಂಬ ಅಸಮಾಧಾನ ನಮ್ಮ ಮನಸ್ಸಿನಿಂದ ಹೋಗಲಿಲ್ಲ.

ನಾವು ಕಂಡ ಹಟ್ಟಿಯೊಂದರಲ್ಲಿ ಅಂಗನವಾಡಿಯ ಕಾರ್ಯಕರ್ತೆ ಮನೆ ಮನೆಗೆ ಹೋಗುತ್ತಿದ್ದಳು. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ಈಗ ಅಂಗನವಾಡಿ ಇಲ್ಲದ ಊರು ಅಪರೂಪ. ಅನೇಕರು ಅದನ್ನು ಹಿಟ್ಟು, ಮೊಟ್ಟೆ ಹಂಚುವ ಠಾವೆಂದಷ್ಟೇ ಬಲ್ಲರು. ಈಕೆ ಬಾಣಂತಿಯ ಪಕ್ಕದಲ್ಲಿ ಕುಳಿತು, ಕೂಸನ್ನು ಎದೆಗೊತ್ತಿಕೊಂಡು ಬೆಚ್ಚಗಿಡುವ ಬಗೆ, ಅತ್ತಾಗ ಅದು ಕೇಳುವುದೇನು, ಮಾತು ಬಾರದ ಮಗುವಿನೊಡನೆ ಮಾತಾಡಬೇಕೇಕೆ ಎಂಬುದನ್ನು ತೋರಿಸುತ್ತಿದ್ದಳು. ಅಂಗಳದಲ್ಲಿ ಮೂರು ವರ್ಷದ ಹುಡುಗನೊಬ್ಬ ಅನ್ನ ಚೆಲ್ಲಿ ಏಟು ತಿಂದಿದ್ದನು.

“ಹೊಡೀದೆ ಸಾಕಿದ ಮಗ ಉದ್ಧಾರ ಆದಾನಾ, ಟೀಚರಮ್ಮ?” ಎಂದಳು ಅಜ್ಜಿ.

“ಅಜ್ಜೀ, ಮರಿ ಹಾಲು ಕುಡೀಲಿಲ್ಲ ಅಂತ ಅದಕ್ಕೆ ಹೊಡೀತೀಯಾ? ಯಾಕೆ ಕುಡೀಲಿಲ್ಲ ಅಂತ ಬಾಯಿ ನೋಡ್ತೀಯಲ್ಲ?”

ಅಜ್ಜಿ ಉತ್ತರ ಕೊಡಲಿಲ್ಲ. ಹುಡುಗನನ್ನು ಹತ್ತಿರ ಕರೆದು ಮೂಗು ಒರೆಸಿದಳು.

ವಾಚಕರು ಇದನ್ನು ಹಟ್ಟಿಯವರ ಕಥೆಯೆಂದು ಎಣಿಸಿ ನೆಮ್ಮದಿಯಿಂದಿರಲಾಗದು. ದಂಡಂ ದಶಗುಣಂ ಎಂಬ ಮಾತು ಓದುಬರಹ ಬಲ್ಲ ಮನೆಗಳಲ್ಲಿಯೂ ಚೆನ್ನಾಗಿ ಬಾಳುತ್ತಿದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿತು. ಮನೆಯ ಬೆತ್ತವನ್ನು ಕಂಡವರು ಯಾರು? ಸ್ವೀಡನ್ ದೇಶವು 1979ರಲ್ಲಿ ಮನೆಯ ಹೊಡೆತವನ್ನೂ ನಿಷೇಧಿಸಿದಾಗ ಅದರ ತಿಳಿವಳಿಕೆಯನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚುಹಾಕಿಸಿತು. ಬೆಳಗಿನ ಊಟದ ಮೇಜಿನಲ್ಲಿ ತಾಯಿಯೂ ಮಗುವೂ ಒಟ್ಟಿಗೆ ಓದಬೇಕೆಂಬ ಉಪಾಯ! ತಂದೆತಾಯಿಗಳಿಗೆ ಕಲಿಸಿದರೆ ಮಕ್ಕಳ ಮೇಲಿನ ಕ್ರೌರ್ಯ ತಗ್ಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಮನೆಯೊಳಗಿನದೇ. ಒಬ್ಬರು ನೇಯುವರು, ಒಬ್ಬರು ಕಂಡಿಕೆ ಸುತ್ತುವರು. ಸೀರೆ ಮುಗಿಯುವ ಗಡುವು ಹತ್ತಿರ ಬಂದಂತೆ ದೊಡ್ಡವರ ತಾಳ್ಮೆ ಕುಗ್ಗುವುದೆಂದು ನೇಕಾರರೊಬ್ಬರು ತಾವಾಗಿಯೇ ಹೇಳಿದರು. ದಣಿದ ಕೈಯೇ ಮಗುವಿನ ಮೇಲೆ ಬೇಗ ಏಳುವುದು. ಬುದ್ಧಿಮಾತಿನ ಜೊತೆಗೆ ಬಿಡುವನ್ನೂ ಒದಗಿಸದ ಶಿಕ್ಷಣ ಅರ್ಧ ಶಿಕ್ಷಣವೆಂದು ನಮಗೆ ತೋರಿತು.

ಊರಿಗೆ ಸಮೀಪದ ಬ್ರಹ್ಮಗಿರಿಗೆ ಸಂಜೆ ಹೋದೆವು. ಅಲ್ಲಿಯೂ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಬಂಡೆಯ ಉಪದೇಶ. ತಂದೆತಾಯಿಗಳು ಮಕ್ಕಳೊಡನೆ ಹೇಗಿರತಕ್ಕದ್ದೆಂದು ಬೇರೆಯಾಗಿ ಬರೆದಿಲ್ಲ. ಆದರೆ ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕೆಂಬ ಮಾತು ಅಲ್ಲಿಯೇ ಉಂಟು; ಮಗುವೂ ಪ್ರಾಣಿಯೇ ಅಲ್ಲವೆ?

ಬೆಟ್ಟದ ಕೆಳಗಿನ ಹೊಲದಲ್ಲಿ ತಾಯಿಯೊಬ್ಬಳು ಜಾಲಿಯ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದಳು. ದುಡಿಯುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ 2023ರಲ್ಲಿ ರಾಜ್ಯ ಸರಕಾರ ಪ್ರಕಟಿಸಿತಷ್ಟೆ. ನಿಮ್ಮಲ್ಲಿ ಅದು ಉಂಟೇನಮ್ಮ ಎಂದು ಕೇಳಿದೆವು.

“ಅದು ಕೂಲಿಗೆ ಹೋಗೋರಿಗಲ್ವಾ ಸ್ವಾಮೀ? ನಾನು ನಮ್ಮ ಹೊಲದಾಗೇ ಮಾಡೋಳು,” ಎಂದಳು. ಪಂಚಾಯಿತಿಯಲ್ಲಿ ಒಮ್ಮೆ ವಿಚಾರಿಸಿ ನೋಡೆಂದೆವು. ಜೋಲಿಯನ್ನು ಕಾಲಿನಿಂದ ತೂಗುತ್ತ, ನಾಳೆ ಹೋಗುವೆನೆಂದಳು.