ಸೀಮೆಸುಣ್ಣದ ಧೂಳು, ಜಿಪ್ಸಮ್ಮಿನ ಧೂಳು



ನನ್ನ ಬಾಲ್ಯ ಕಳೆದದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಮಾಳಿಗೆ ಮನೆಯಲ್ಲಿ. ಆ ಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು. ಹೊತ್ತು ಏರಿದಂತೆ ಅದರೊಳಗಿಂದ ಬಿಸಿಲಿನ ಕೋಲೊಂದು ನೆಲಕ್ಕೆ ಇಳಿಯುತ್ತಿತ್ತು; ಆ ಕೋಲಿನಲ್ಲಿ ಧೂಳಿನ ಕಣಗಳು ತೇಲಾಡುವುದನ್ನು ನೋಡುತ್ತ ನಾವು ಮಕ್ಕಳು ಕುಳಿತಿರುತ್ತಿದ್ದೆವು. ಮಳೆ ಹನಿದರೆ ಸಾಕು, "ಗವಾಕ್ಷಿ ಮುಚ್ರೋ" ಎಂದು ಅಜ್ಜಿ ಕೂಗುತ್ತಿದ್ದರು. ಸೂರಿಗೆ ರಂಧ್ರ ಇಡುವುದು ಬೆಳಕು ಒಳಗೆ ಬರಲೆಂದು, ಇಷ್ಟೇ ಆಗ ನಮಗೆ ತಿಳಿದಿದ್ದದ್ದು.

ಈಗ ಅರವತ್ತು ದಾಟಿದ ಮೇಲೆ, ತುಮಕೂರಿನ ನಮ್ಮ ಮನೆಯ ಸೂರಿಗೆ ಒಂದಲ್ಲ, 14 ರಂಧ್ರಗಳನ್ನು ಕೊರೆಸಿದ ಪ್ರಸಂಗ ಒದಗಿತು. ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದು ಫಾಲ್ಸ್ ಸೀಲಿಂಗ್ ಹಾಕಿಸಿದ್ದ. ಪರದೇಶಗಳಲ್ಲಿ ಮನೆಯ ಒಳಗೋಡೆಗಳನ್ನೇ ಜಿಪ್ಸಮ್ ಹಲಗೆಯಿಂದ ಕಟ್ಟುತ್ತಾರಂತೆ. ನಮ್ಮ ಕಡೆ ಗೋಡೆಗೆ ಇನ್ನೂ ಇಟ್ಟಿಗೆಯೇ ಬೇಕು. ಜಿಪ್ಸಮ್ ಹಲಗೆ ತಲೆಯ ಮೇಲಕ್ಕೆ ಮಾತ್ರ ಏರಿದೆ. ಹನ್ನೆರಡೂವರೆ ಮಿಲಿಮೀಟರ್ ದಪ್ಪದ ಈ ಹಲಗೆ ಎರಡು ಕಾಗದಗಳ ನಡುವೆ ಒತ್ತಿದ ಬಿಳಿಯ ಜಿಪ್ಸಮ್ಮೇ ಹೊರತು ಬೇರೇನಲ್ಲ. ಅದರಲ್ಲಿ ದೀಪ ಕೂರಿಸಲು ದುಂಡನೆಯ ರಂಧ್ರಗಳು ಬೇಕು.

ಆ ಕೆಲಸಕ್ಕೆ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದ. "ಗುರುತು ಸಿಕ್ತಾ ಸಾರ್? ಕುಣಿಗಲ್ ಕಡೆ ಸ್ಕೂಲ್ನಲ್ಲಿ ನಿಮ್ಮ ಹತ್ರಾನೇ ಓದಿದ್ದು. 2000ನೇ ಇಸವಿ ಬ್ಯಾಚು" ಎಂದ. ನಾಲ್ವತ್ತು ದಾಟಿದ ಗೃಹಸ್ಥ. ಆದರೂ ಮೇಷ್ಟ್ರಿಗೆ ಶಿಷ್ಯರೆಲ್ಲ ಎಂದೆಂದಿಗೂ ಹುಡುಗರೇ. ಮುಖದ ಗುರುತು ಮಸುಕಾಗಿ ಹತ್ತಿತು. ಹೆಸರು ಮಾತ್ರ ಅವನೇ ಹೇಳಬೇಕಾಯಿತು.

ಅವನು ಚೀಲದಿಂದ ತೆಗೆದ ಉಪಕರಣ ನನ್ನನ್ನು ಸೆಳೆಯಿತು. ಡ್ರಿಲ್ಲಿನ ತುದಿಗೆ ಸಿಕ್ಕಿಸುವ ಒಂದು ಅಡ್ಡಪಟ್ಟಿ. ನಟ್ಟನಡುವೆ ಕೇಂದ್ರವನ್ನು ಹಿಡಿದು ನಿಲ್ಲುವ ಮೊಳೆಯಂಥ ಬಿಟ್. ಎರಡು ಬದಿಗೂ ಸರಿಸಿ ತಿರುಪಿನಿಂದ ಬಿಗಿಯಬಹುದಾದ ಎರಡು ಅಲಗುಗಳು. ಪಟ್ಟಿಯ ಮೇಲೆ ಮಿಲಿಮೀಟರ್ ಗೆರೆಗಳು. "ಇದು ಕೈವಾರವಲ್ಲವೇನಪ್ಪಾ!" ಎಂದೆ. "ಅದೇ ಸಾರ್. ನಿಮ್ಮ ಕ್ಲಾಸಲ್ಲಿ ಕೈವಾರ ಹಿಡಿಯೋಕೆ ಬರ್ತಿರ್ಲಿಲ್ಲ, ಈಗ ಅದೇ ಅನ್ನ ಹಾಕ್ತಿದೆ" ಎಂದು ನಕ್ಕ.

ದೀಪದ ಹೊರ ಅಂಚು 120 ಮಿ.ಮೀ. ಇತ್ತು. ಆದರೆ ಕೊರೆಯಬೇಕಾದದ್ದು ಡಬ್ಬಿಯ ಮೇಲೆ ಬರೆದಿದ್ದ 100 ಮಿ.ಮೀ. ಮಾತ್ರ, ಉಳಿದ ಅಂಚು ರಂಧ್ರದ ಬಾಯನ್ನು ಮುಚ್ಚಲು. ಹೊರ ಅಂಚನ್ನೇ ಅಳತೆಯೆಂದು ಭಾವಿಸಿದರೆ ದೀಪ ಕೈಗೇ ಬೀಳುತ್ತದೆ. ಅವನು ಎರಡೂ ಅಲಗುಗಳನ್ನು ಕೇಂದ್ರದಿಂದ 50ಕ್ಕೆ ಸರಿಸಿ ಬಿಗಿದ. ವ್ಯಾಸ ನೂರಾದರೆ ತ್ರಿಜ್ಯ ಐವತ್ತು. ಒಂದು ಅಲಗು ಹೆಚ್ಚುಕಡಿಮೆಯಾದರೂ ಒಂದು ವೃತ್ತದ ಬದಲು ಎರಡು ವೃತ್ತ ಮೂಡುತ್ತವೆ. ಮೊದಲು ಒಂದು ಚೂರು ಹಲಗೆಯ ಮೇಲೆ ಕೊರೆದು, ದೀಪವನ್ನು ಇಟ್ಟು ನೋಡಿದ. ಆಮೇಲೆ ಸೂರನ್ನು ಬೆರಳಿನಿಂದ ತಟ್ಟಿ, ಅಯಸ್ಕಾಂತದ ತುಂಡೊಂದನ್ನು ಆಡಿಸಿ, ಒಳಗಿನ ತಗಡಿನ ಪಟ್ಟಿ ಎಲ್ಲಿದೆಯೆಂದು ಪತ್ತೆ ಮಾಡಿ ಪೆನ್ಸಿಲಿನ ಗುರುತು ಹಾಕಿದ. ರೇಖಾಗಣಿತದ ಪರೀಕ್ಷೆಯಲ್ಲಿ ಇವನಿಗೆ ನಾನು ಎಷ್ಟು ಅಂಕ ಕೊಟ್ಟಿದ್ದೆನೋ ನೆನಪಿಲ್ಲ. ಈ ದಿನ ಪೂರ್ಣಾಂಕ ಕೊಡದೆ ವಿಧಿಯಿರಲಿಲ್ಲ.

"ಸೋಫಾ ಎಲ್ಲ ಧೂಳಾಗುತ್ತೇನಪ್ಪಾ?" ಎಂದು ನನ್ನ ಶ್ರೀಮತಿ ಕೇಳಿದಳು. "ಇಲ್ಲಮ್ಮ, ಬಟ್ಟಲು ಹಾಕ್ತೀನಿ" ಎಂದು ಅವನು ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಬಟ್ಟಲನ್ನು ಉಪಕರಣಕ್ಕೆ ಸಿಕ್ಕಿಸಿದ. ಬಟ್ಟಲಿನ ಅಂಚು ಸೂರಿಗೆ ಒತ್ತಿ ನಿಲ್ಲುತ್ತದೆ, ಅಲಗು ಒಳಗೆ ತಿರುಗುತ್ತದೆ, ಪುಡಿಯೂ ಕೊರೆದ ಬಿಲ್ಲೆಯೂ ಬಟ್ಟಲಿಗೇ ಬೀಳುತ್ತವೆ. ನಿಧಾನವಾಗಿ, ಒತ್ತದೆ, ಹಜಾರದ ಎಂಟು ರಂಧ್ರಗಳನ್ನು ಮುಗಿಸಿದ. ಸೋಫಾದ ಮೇಲೆ ಒಂದು ಚಿಟಿಕೆ ಧೂಳೂ ಬೀಳಲಿಲ್ಲ. ಶ್ರೀಮತಿಗೆ ಬಹಳ ಸಂತೋಷವಾಯಿತು.

ಉಳಿದ ಆರು ರಂಧ್ರಗಳು ಮಹಡಿಯ ಖಾಲಿ ಕೋಣೆಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ ನಾನು ಕಾಫಿ ಹಿಡಿದು ಮೇಲೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಕೋಣೆಯ ತುಂಬ ಬಿಳಿಯ ಮಂಜು. ಏಣಿಯ ಮೇಲೆ ಮುಖವೆತ್ತಿ ನಿಂತಿದ್ದ ಅವನ ಹುಬ್ಬು, ಮೀಸೆ, ರೆಪ್ಪೆ ಎಲ್ಲವೂ ಬೆಳ್ಳಗಾಗಿದ್ದವು. ಬಟ್ಟಲು ಮೂಲೆಯಲ್ಲಿ ಬಿದ್ದಿತ್ತು.

"ಅದನ್ನೇಕೆ ತೆಗೆದೆಯಪ್ಪಾ?" ಎಂದೆ.

"ಇಲ್ಲಿ ಸಾಮಾನು ಏನೂ ಇಲ್ವಲ್ಲ ಸಾರ್" ಎಂದ, ಬಹು ಸಹಜವಾಗಿ. ಬಟ್ಟಲು ಹಾಕಿದರೆ ಪೆನ್ಸಿಲ್ ಗುರುತು ಸರಿಯಾಗಿ ಕಾಣುವುದಿಲ್ಲ, ಆಗಾಗ ಇಳಿದು ಬರಿದು ಮಾಡಬೇಕು, ಹೊತ್ತು ಹಿಡಿಯುತ್ತದೆ. ಹೊಸ ಮನೆಗಳಲ್ಲಿ ಅದನ್ನು ಯಾರೂ ಕೇಳುವುದೇ ಇಲ್ಲವಂತೆ. ಒಂದೆರಡು ಸಲ ಕೆಮ್ಮಿ, ಕೆಳಗಿಳಿದು, ಮುಖ ಒರೆಸಿಕೊಂಡು ಕಾಫಿ ತೆಗೆದುಕೊಂಡ.

ಸಾಮಾನು ಇಲ್ಲದ ಕೋಣೆಯಲ್ಲಿ ಮನುಷ್ಯನಿದ್ದ. ಅವನ ಎದೆಗೂಡಿತ್ತು. ಅದು ಅವನಿಗೂ ಲೆಕ್ಕಕ್ಕೆ ಬರಲಿಲ್ಲ. ಸೋಫಾದ ಬಗ್ಗೆ ಮಾತ್ರ ಕಾಳಜಿ ಮಾಡಿದ ನಮಗೂ ಬಂದಿರಲಿಲ್ಲ.

ನಾನು ಅಭ್ಯಾಸಬಲದಿಂದ ಲೆಕ್ಕ ಹಾಕಿದೆ. ಒಂದು ರಂಧ್ರದ ಪರಿಧಿ ಸುಮಾರು 314 ಮಿ.ಮೀ.; ಅಲಗು ಕೊರೆದ ಸಂದು 3 ಮಿ.ಮೀ. ಎಂದುಕೊಂಡರೆ, ಹಲಗೆಯ ದಪ್ಪ ಸೇರಿ ಹನ್ನೆರಡು ಘನ ಸೆಂಟಿಮೀಟರಿನಷ್ಟು ಪುಡಿ. 14 ರಂಧ್ರಕ್ಕೆ ಒಂದು ಕಾಫಿ ಲೋಟ ತುಂಬುತ್ತದೆ. ಇದು ನಮ್ಮ ಒಂದು ಮನೆಯ ಲೆಕ್ಕ. ಅವನು ವರ್ಷಕ್ಕೆ ಎಷ್ಟು ಮನೆಗಳ ಸೂರನ್ನು ಕೊರೆಯುತ್ತಾನೋ!

"ಈ ಧೂಳು ನಂಗೆ ಹೊಸದಲ್ಲ ಬಿಡಿ ಸಾರ್" ಎಂದ ಅವನು. "ನಿಮ್ಮ ಕ್ಲಾಸಲ್ಲಿ ದಿನಾ ಡಸ್ಟರ್ ಕೊಡವ್ತಿದ್ದವನು ನಾನೇ ಅಲ್ವಾ?"

ಆಗ ಅವನ ಗುರುತು ಪೂರ್ತಿ ಹತ್ತಿತು. ಹೌದು, ಪಾಠ ಒಪ್ಪಿಸದವರಿಗೆ ನಾನು ಕೊಡುತ್ತಿದ್ದ ಕೆಲಸ ಅದು. ಡಸ್ಟರನ್ನು ಹೊರಗೊಯ್ದು ಗೋಡೆಗೆ ಬಡಿದು, ಬಿಳಿಯ ಮೋಡದ ನಡುವೆ ಸೀನುತ್ತ ಮರಳಿ ಬರಬೇಕು. ಹೊಡೆಯುವ ಮೇಷ್ಟ್ರಲ್ಲ ಎಂಬ ಹೆಮ್ಮೆ ನನಗಿತ್ತು. ಇದನ್ನು ಶಿಕ್ಷೆಯೆಂದೇ ನಾನು ಎಣಿಸಿರಲಿಲ್ಲ. ವಿಚಿತ್ರವೆಂದರೆ ಎರಡೂ ಒಂದೇ ಧೂಳು. ಸೀಮೆಸುಣ್ಣ ಎಂಬ ಹೆಸರಿದ್ದರೂ ನಮ್ಮ ಶಾಲೆಗಳ ಬಳಪ ಬಹುಮಟ್ಟಿಗೆ ಸುಣ್ಣವಲ್ಲ. ಜಿಪ್ಸಮ್ಮನ್ನು ಕಾಯಿಸಿ, ಅದರ ನೀರಿನಂಶವನ್ನು ಕಳೆದು ಪಡೆದ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೆ ಮತ್ತೆ ನೀರು ಕಲಸಿ ಅಚ್ಚಿಗೆ ಹುಯ್ದದ್ದು. ನೀರು ಸೇರಿದೊಡನೆ ಅದು ಮರಳಿ ಜಿಪ್ಸಮ್ಮೇ ಆಗುತ್ತದೆ. ನಮ್ಮ ದೇಶದ ಜಿಪ್ಸಮ್ಮಿನ ಬಹುಪಾಲು ಬರುವುದು ರಾಜಸ್ಥಾನದ ನೆಲದಿಂದ. ಅಲ್ಲಿನ ಮಣ್ಣು ಹುಡುಗನಾಗಿದ್ದಾಗ ಅವನ ಮೂಗಿಗೆ ನನ್ನಿಂದಾಗಿ ಹೊಕ್ಕಿತು. ಈಗಲೂ ನನ್ನ ಮನೆಯಲ್ಲಿಯೇ ಹೊಗುತ್ತಿತ್ತು.

ಅಂಜಿಕೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಜಿಪ್ಸಮ್ಮಿನ ಧೂಳು ಬೆಣಚುಕಲ್ಲಿನ ಧೂಳಿನಷ್ಟು ಘೋರವಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಕುಡಿದ ಎಷ್ಟೋ ಕಾರ್ಮಿಕರ ಶ್ವಾಸಕೋಶಗಳು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗಕ್ಕೆ ತುತ್ತಾದವು. ಜಿಪ್ಸಮ್ ಆ ಜಾತಿಯದಲ್ಲ. ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತದೆ, ಕೆಮ್ಮು ತರಿಸುತ್ತದೆ. ಆದರೆ ಈ ಕೆಲಸದವರು ಜಿಪ್ಸಮ್ಮನ್ನಷ್ಟೇ ಕೊರೆಯುವುದಿಲ್ಲ. ಹಲಗೆಯನ್ನು ತೂಗುಹಾಕಲು ಮೊದಲು ಕಾಂಕ್ರೀಟಿನ ತಾರಸಿಯನ್ನು ಕೊರೆಯಬೇಕು. ಆ ಧೂಳಿನಲ್ಲಿ ಮರಳಿನ ಸಿಲಿಕಾ ಇದ್ದೇ ಇರುತ್ತದೆ. ಅದಕ್ಕೂ ಅವರು ಮುಖವನ್ನು ಮೇಲಕ್ಕೇ ಎತ್ತಿರುತ್ತಾರೆ.

ನಾನು ಸ್ಕೂಟರ್ ಹತ್ತಿ ಅಂಗಡಿಗೆ ಹೋಗಿ, ಧೂಳು ಸೋಸುವ ಒಳ್ಳೆಯ ಮಾಸ್ಕುಗಳನ್ನೂ ಒಂದು ಕನ್ನಡಕವನ್ನೂ ತಂದೆ. "ಸೆಕೆ ಆಗುತ್ತೆ ಸಾರ್" ಎಂದು ಗೊಣಗಿದ. "ಇದು ಹೋಂವರ್ಕ್ ಕಣಯ್ಯಾ, ಹಾಕ್ಕೋ" ಎಂದೆ. ಕೊನೆಯ ಎರಡು ರಂಧ್ರಗಳನ್ನು ಬಟ್ಟಲು ಸಿಕ್ಕಿಸಿ, ಮಾಸ್ಕ್ ಹಾಕಿಯೇ ಕೊರೆದ. ನಾಳೆ ಬೇರೆಯವರ ಮನೆಯಲ್ಲಿ ಹಾಕಿಕೊಳ್ಳುತ್ತಾನೆಂಬ ಭರವಸೆ ನನಗೇನೂ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಮನೆ ಕಟ್ಟಿಸುತ್ತಿದ್ದೀರಿ. ಸೂರು ಕೊರೆಯುವವನು ಬಂದಾಗ, ಮನೆ ಖಾಲಿಯಿದ್ದರೂ ಬಟ್ಟಲು ಹಾಕೆಂದು ಹೇಳಿ. ಅದರಿಂದ ಅರ್ಧ ದಿನ ಹೆಚ್ಚು ಹಿಡಿದರೆ ಆ ಅರ್ಧ ದಿನದ ಕೂಲಿಯನ್ನು ನೀವೇ ಕೊಡಿ.

ಕಪ್ಪುಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಒಂದು ಬಕೆಟ್ ನೀರು, ಒಂದು ಹಳೆಯ ಪಂಚೆಯ ತುಂಡು ಸಾಕಾಗಿತ್ತು. ಮೂವತ್ತನಾಲ್ಕು ವರ್ಷ ವಿಜ್ಞಾನ, ಗಣಿತ ಬೋಧಿಸಿದ ನನಗೆ ಅದು ಹೊಳೆಯಲೇ ಇಲ್ಲ. ಡಸ್ಟರ್ ಕೊಡವಿದ ಶಿಷ್ಯರು ಇದನ್ನು ಓದುತ್ತಿದ್ದರೆ ಮೇಷ್ಟ್ರನ್ನು ಕ್ಷಮಿಸಿ.